ಮೂರು ಪಿಸ್ಟನ್, ಒಂಬತ್ತು ರಿಂಗು ಮತ್ತು ಅಪ್ಪನ ಮಾರುತಿ

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಮತ್ತದೇ ಆಫೀಸು... ಬರೆಯೋಣ ಅಂತ ಕೂತರೆ ಬೆಂಗಳೂರಿನ ಟ್ರಾಫಿಕ್ ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ. ಈ ಸಲ ಮಾತ್ರ ಹೇಳೋಕೆ ಒಂದು ವಿಷಯ ಇದೆ. 2025ರ ಡಿಸೆಂಬರ್ ಕೊನೆಯ ವಾರ ನಮ್ಮ ಟೀಮಿನವರೆಲ್ಲ ಗೋವಾ, ಗೋಕರ್ಣ ಅಂತ ಹೊರಟಾಗ ನಾನು ಊರಿಗೆ ಹೋಗಿ ಅಪ್ಪನ ಮಾರುತಿ 800ರ ಪಿಸ್ಟನ್ ರಿಂಗ್ ಅಳೆದು ಬಂದೆ. ಇಂಜಿನ್ ಅಂದರೆ ನಿದ್ದೆ ಬರುತ್ತೆ ಅನ್ನೋರು ಇಲ್ಲಿಗೇ ನಿಲ್ಲಿಸಬಹುದು, ಬೇಜಾರಿಲ್ಲ :)

ನಮ್ಮದು 1991ರ ಮಾಡೆಲ್. ಕಾರ್ಬುರೇಟರ್ ಇರೋದು, ನಾಲ್ಕೇ ಗೇರಿನದು. ಮೂರು ಸಿಲಿಂಡರ್, 796 ಸಿಸಿ. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ಆಗಿ ತಗೊಂಡಿದ್ದು 1997ರಲ್ಲಿ, ನಾನು ಹುಟ್ಟಿದ ವರ್ಷ. ದೇಶದಲ್ಲಿ ಮೊದಲ ಮಾರುತಿ 800 ಹೊರಬಂದದ್ದು 1983ರ ಡಿಸೆಂಬರಿನಲ್ಲಿ, ಕೊನೆಯದು 2014ರ ಜನವರಿಯಲ್ಲಿ. ನಮ್ಮ ಕಾರು ಆ ಸಾಲಿನ ನಡುವೆ ಎಲ್ಲೋ ಹುಟ್ಟಿ, ತನ್ನ ಕಾರ್ಖಾನೆಯ ಲೈನ್ ನಿಂತ ಮೇಲೂ ತೀರ್ಥಹಳ್ಳಿ ಸುತ್ತಮುತ್ತ ಓಡಾಡಿಕೊಂಡಿದೆ.

ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ವಯಸ್ಸು 68. ಹೊಸ ಕಾರು ಕೊಡಿಸ್ತೀನಿ, ಆಟೋಮ್ಯಾಟಿಕ್ ತಗೊಳ್ಳಿ, ಕ್ಲಚ್ ಒತ್ತೋ ಕಷ್ಟ ಇಲ್ಲ ಅಂತ ನಾನು ಹೇಳಿದ್ದಕ್ಕೆ ಲೆಕ್ಕ ಇಲ್ಲ. "ಈ ಗಾಡಿ ಹೋದ ದಿನ ನನ್ನ ಡ್ರೈವಿಂಗೂ ಮುಗೀತು" ಅಂತ ಒಂದೇ ಮಾತು. ಸುಮ್ಮನೆ ಹೇಳೋ ಮಾತಲ್ಲ ಅದು. ನಮ್ಮ ಮನೆ ಇರೋದು ಪೇಟೆಯಿಂದ ಹನ್ನೊಂದು ಕಿಲೋಮೀಟರ್ ಒಳಗೆ, ಬಸ್ಸು ದಿನಕ್ಕೆ ಎರಡು. ಕಾರು ನಿಂತರೆ ಅಪ್ಪ ಅಮ್ಮ ಇಬ್ಬರೂ ಮನೆಯಲ್ಲೇ. ಔಷಧಿ, ಬ್ಯಾಂಕು, ಮದುವೆ ಮುಂಜಿ ಎಲ್ಲದಕ್ಕೂ ಪಕ್ಕದ ಮನೆಯವರ ಮುಖ ನೋಡಬೇಕು.

ಅಂಥ ಕಾರು ಹೊಗೆ ಬಿಡೋಕೆ ಶುರು ಮಾಡಿತ್ತು. ನೀಲಿ ಹೊಗೆ.

ಹೊಗೆಯ ಬಣ್ಣ ನೋಡಿದರೆ ಅರ್ಧ ರೋಗ ಗೊತ್ತಾಗುತ್ತೆ. ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಬೆಳಗಿನ ಚಳಿ ಕಳೆದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ನೀರು ಒಳಗೆ ಇಳೀತಿದೆ. ನೀಲಿ ಅಂದರೆ ಆಯಿಲ್ ಸುಡ್ತಿದೆ. ಆಯಿಲ್ ಒಳಗೆ ಹೋಗೋಕೆ ಎರಡು ದಾರಿ ಇವೆ, ಮೇಲಿಂದ ವಾಲ್ವ್ ಪಕ್ಕದಲ್ಲಿ, ಕೆಳಗಿಂದ ರಿಂಗ್ ಪಕ್ಕದಲ್ಲಿ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಂದು ಸಲ ಭುಸ್ ಅಂದು ನಿಂತರೆ ವಾಲ್ವ್ ಕಡೆ ಅನುಮಾನ ಪಡಬೇಕು. ಏರಿನಲ್ಲಿ ಒತ್ತಿದಷ್ಟು ಹೊತ್ತೂ ಬರ್ತಾನೇ ಇದ್ದರೆ ರಿಂಗು. ನಮ್ಮದು ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲೂ ಬಿಟ್ಟಿತ್ತಂತೆ. ಹಿಂದಿನ ಬೈಕಿನವನು ಹಾರ್ನ್ ಹೊಡೆದೂ ಹೊಡೆದೂ ಕೊನೆಗೆ ಮುಂದೆ ಹೋಗಿ ಕೈ ಮುಗಿದನಂತೆ :)

ಇದರ ಮೇಲೆ ರಿಜಿಸ್ಟ್ರೇಷನ್ ತಲೆನೋವು. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ನಮ್ಮದು 2006, 2011, 2016, 2021 ದಾಟಿ 2026ಕ್ಕೆ ಬಂದು ನಿಂತಿತ್ತು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯ್ತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ದುಡ್ಡು ಕೊಟ್ಟುಬಿಡಬಹುದು, ಆದರೆ ಇಂಥ ಹೊಗೆ ಬಿಡೋ ಗಾಡಿಯನ್ನು ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸೋದು ಹೇಗೆ? ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇಕಡಾ 3, ಹೈಡ್ರೋಕಾರ್ಬನ್ 1500 ಪಿಪಿಎಂ ತನಕ ಮಾಫಿ ಇದೆ. ಆಯಿಲ್ ಸುಡೋ ಇಂಜಿನ್ನಿಗೆ ಆ ಎರಡನೇ ಗೆರೆ ದಾಟೋದು ಸುಲಭ.

ಶಿವಮೊಗ್ಗದ ಒಂದು ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ ಹೊಗೆ ಮಾತ್ರ ನೋಡಿ, "ಇಂಜಿನ್ ಫುಲ್ ಹೋಗಿದೆ ಸಾರ್, ನಲವತ್ತೈದು ಸಾವಿರ ಆಗುತ್ತೆ, ಅದರ ಬದಲು ಗುಜರಿಗೆ ಹಾಕಿ" ಅಂದಿದ್ದರು. ಅಪ್ಪ ಆ ರಾತ್ರಿ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ನೋಡೋಣ" ಅಂತ ಇಟ್ಟರು. ಆ "ನೋಡೋಣ" ಕೇಳಿಯೇ ನಾನು ರಜೆ ಹಾಕಿದ್ದು.

ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರು. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಇದ್ದೀರಿ ಅಂತ ಗೊತ್ತು. ಮೆಟ್ರಾಲಜಿ ಲ್ಯಾಬಿನಲ್ಲಿ ಮೈಕ್ರೋಮೀಟರ್ ಹಿಡಿದು ರೆಕಾರ್ಡ್ ಬರೆದ ಮೇಲೆ ಆ ವಿದ್ಯೆ ಕೆಲಸಕ್ಕೆ ಬಂದಿದ್ದೇ ಇಲ್ಲ.

ತೀರ್ಥಹಳ್ಳಿಯಲ್ಲಿ ಅಪ್ಪನ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ. ಅಪ್ಪ ಅವರನ್ನು "ಮೇಸ್ತ್ರಿ" ಅಂತಾರೆ, ಅವರು ಅಪ್ಪನನ್ನು "ಮೇಷ್ಟ್ರೇ" ಅಂತಾರೆ. ಇಬ್ಬರೂ ಒಟ್ಟಿಗೆ ಮಾತಾಡುವಾಗ ಯಾರು ಯಾರನ್ನ ಕರೆದರು ಅಂತ ಗೊಂದಲ ಆಗುತ್ತೆ. ಅಂದಹಾಗೆ ಒಂದು ಪದ ಪೋರ್ಚುಗೀಸರ ಕಡೆಯಿಂದ ಬಂದಿದ್ದು, ಇನ್ನೊಂದು ಇಂಗ್ಲಿಷಿನ ಮಾಸ್ಟರ್‌ನಿಂದ. ಹಿಂದೆ ಹೋದರೆ ಎರಡಕ್ಕೂ ಲ್ಯಾಟಿನ್ನಿನ ಒಂದೇ ಬೇರು.

ಮೇಸ್ತ್ರಿ ಮೊದಲು ಮಾಡಿದ್ದು ಕಂಪ್ರೆಷನ್ ಟೆಸ್ಟ್. ಪ್ಲಗ್ ಬಿಚ್ಚಿ, ಗೇಜ್ ಸಿಕ್ಕಿಸಿ, ಸ್ಟಾರ್ಟರ್ ತಿರುಗಿಸಿ ಓದಿದರು. ಒಂದನೇ ಸಿಲಿಂಡರ್ 145 ಪಿಎಸ್‌ಐ, ಮೂರನೇದು 140. ಎರಡನೇದು ಬರೀ 95. ಆಮೇಲೆ ಎರಡನೇದಕ್ಕೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ಈಗ 140! ಆಯಿಲ್ ರಿಂಗಿನ ಸುತ್ತ ನಿಂತು ಸಂದಿ ಮುಚ್ಚಿದ್ದರಿಂದ ಒತ್ತಡ ಏರಿತು. ವಾಲ್ವ್ ಸೋರುತ್ತಿದ್ದರೆ ಆ ಒಂದು ಚಮಚದಿಂದ ಏನೂ ಆಗುತ್ತಿರಲಿಲ್ಲ. ಎಷ್ಟು ಅಗ್ಗದ, ಎಷ್ಟು ಚಂದದ ಪರೀಕ್ಷೆ ನೋಡಿ. ನಮ್ಮಲ್ಲಿ ಒಂದು ಬಗ್ ಯಾವ ಸರ್ವಿಸಿನಲ್ಲಿದೆ ಅಂತ ಹುಡುಕೋಕೆ ಎರಡು ದಿನ ಮೀಟಿಂಗ್ ಮಾಡ್ತೀವಿ.

ಇಂಜಿನ್ ಇಳಿಸಿ, ಹೆಡ್ ಬಿಚ್ಚಿ, ಪಿಸ್ಟನ್ ಹೊರಗೆ ತೆಗೆದಾಗ ಎರಡನೇ ಪಿಸ್ಟನ್ನಿನ ಕಥೆ ಕಣ್ಣಿಗೇ ಕಂಡಿತು. ಅದರ ಆಯಿಲ್ ರಿಂಗು ಕರಿ ಮೆತ್ತಿಕೊಂಡು ಗಾಡಿಯಲ್ಲೇ ಜಾಮ್ ಆಗಿ ಕೂತಿತ್ತು (ರಿಂಗ್ ಕೂರೋ ಸಾಲಿಗೆ ಮೇಸ್ತ್ರಿ ಗಾಡಿ ಅಂತಾರೆ, ನಾವು ಓದಿದ್ದು ಗ್ರೂವ್ ಅಂತ). ಕೊರೊನಾ ಕಾಲದಲ್ಲಿ, 2020-21ರಲ್ಲಿ, ಕಾರು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು. ಆಗಲೇ ಹಿಡಿದಿರಬೇಕು ಅನ್ನೋದು ಮೇಸ್ತ್ರಿ ಅಂದಾಜು. ಪಿಸ್ಟನ್ ತಲೆ ಮೇಲೆ 25 ಅಂತ ಗುದ್ದಿದ್ದ ಅಂಕಿ ಒರೆಸಿ ತೋರಿಸಿದರು. ಅಂದರೆ 2009ರಲ್ಲಿ ಒಮ್ಮೆ ಬೋರ್ ಮಾಡಿಸಿ, ಮೂಲ 68.50 ಮಿಲಿಮೀಟರಿಗೆ 0.25 ಸೇರಿಸಿ 68.75ರ ಪಿಸ್ಟನ್ ಹಾಕಿದ್ದಾಗಿದೆ. ಇದರ ಮುಂದೆ ಇರೋದು 0.50 ಒಂದೇ. ಅದೂ ಮುಗಿದರೆ ಲೈನರ್ ಹೊಡೆಸಬೇಕು.

ಹಾಗಾಗಿ ಪ್ರಶ್ನೆ ಇದ್ದಿದ್ದು ರಿಂಗ್ ಬದಲಿಸಬೇಕೋ ಬೇಡವೋ ಅನ್ನೋದಲ್ಲ. ರಿಂಗ್ ಮಾತ್ರ ಬದಲಿಸಿದರೆ ಸಾಕೋ, ಅಥವಾ ಉಳಿದಿರೋ ಆ ಒಂದೇ ಬೋರನ್ನು ಈಗಲೇ ಖರ್ಚು ಮಾಡಬೇಕೋ ಅನ್ನೋದು. ಬೋರು ಸವೆದು ಮೇಲಗಲ ಕೆಳಕಿರಿದು ಆಗಿದ್ದರೆ ಹೊಸ ರಿಂಗ್ ಹಾಕಿ ಏನೂ ಪ್ರಯೋಜನ ಇಲ್ಲ. ಆರು ತಿಂಗಳಿಗೆ ಮತ್ತೆ ಅದೇ ಹೊಗೆ.

ಮೇಸ್ತ್ರಿ ಮೊದಲೇ ಹೇಳಿದ್ದರಿಂದ ನಾನು ಬರುವಾಗ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ 0.25 ಓವರ್‌ಸೈಜ್ ರಿಂಗ್ ಸೆಟ್ ತಂದಿದ್ದೆ. "ತಂದ್ಕೊಡು ತಮ್ಮಾ, ಹಾಕದೆ ಇದ್ರೂ ಅಳೆಯೋಕೆ ಬೇಕು" ಅಂದಿದ್ದರು. ಆಗ ಅರ್ಥ ಆಗಿರಲಿಲ್ಲ.

ರಿಂಗು ಅಂದರೆ ಪೂರ್ತಿ ಬಳೆಯಲ್ಲ, ಒಂದು ಕಡೆ ಕತ್ತರಿಸಿದ ಬಳೆ. ಹೀಗೆ ಕತ್ತರಿಸಿದ, ತಾನೇ ಹೊರಕ್ಕೆ ಚಿಮ್ಮುವ ಲೋಹದ ರಿಂಗಿಗೆ 1852ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ರೈಲ್ವೆ ಇಂಜಿನಿಯರ್ ಜಾನ್ ರ್‍ಯಾಮ್ಸ್‌ಬಾಟಮ್. ಅದಕ್ಕೂ ಮುಂಚೆ ಉಗಿ ಇಂಜಿನ್ನಿನ ಪಿಸ್ಟನ್ ಸುತ್ತ ನಾರಿನ ಹಗ್ಗ ಸುತ್ತುತ್ತಿದ್ದ ಕಾಲವೂ ಇತ್ತು. ನಮ್ಮ ಕಾರಿನ ರಿಂಗೂ ಅದೇ ವಂಶದ್ದು. ಇನ್ನೊಂದು ಸೊಗಸು ಅಂದರೆ, ಪೆಟ್ರೋಲ್ ಉರಿದಾಗಿನ ಒತ್ತಡವೇ ರಿಂಗಿನ ಬೆನ್ನ ಹಿಂದೆ ಹೋಗಿ ಅದನ್ನು ಗೋಡೆಗೆ ಒತ್ತುತ್ತೆ. ತಡೆಯಬೇಕಾದ ಗಾಳಿಯೇ ಬಾಗಿಲು ಭದ್ರ ಮಾಡುತ್ತೆ. ಅದೇ ಕಾರಣಕ್ಕೆ ಪಿಸ್ಟನ್ ಮೇಲೆ ಬಂದು ಒಂದು ಕ್ಷಣ ನಿಲ್ಲೋ ಜಾಗದಲ್ಲಿ ಬೋರು ಜಾಸ್ತಿ ಸವೆಯುತ್ತೆ. ಅಲ್ಲಿ ಒತ್ತಡ ಹೆಚ್ಚು, ಆಯಿಲಿನ ಪದರ ತೆಳು.

ಈಗ ಅಳತೆ. ಮೇಸ್ತ್ರಿ ಹತ್ತಿರ ಇದ್ದಿದ್ದು ಫೀಲರ್ ಗೇಜ್ ಒಂದೇ, ಅವರ ಬಾಯಲ್ಲಿ "ಫಿಲ್ಲರ್ ಗೇಜು". ತೆಳ್ಳನೆ ತಗಡಿನ ಎಲೆಗಳ ಗೊಂಚಲು. ಹೊಸ ರಿಂಗೊಂದನ್ನು ಪಿಸ್ಟನ್ ಇಲ್ಲದೆ ಬರಿ ಬೋರಿಗೆ ಇಳಿಸಿದರು. ಪಿಸ್ಟನ್ ಬೋರಲು ಹಿಡಿದು ರಿಂಗನ್ನು ಕೆಳತನಕ ನೂಕಿದರು. ಹಾಗೆ ನೂಕಿದರೆ ರಿಂಗು ವಾರೆ ಆಗದೆ ಸಮ ಕೂರುತ್ತೆ. ನಂತರ ರಿಂಗಿನ ಎರಡು ತುದಿಗಳ ನಡುವೆ ಎಲೆ ಹಾಕಿ ನೋಡಿದರು. "ಹನ್ನೊಂದು ಥೌ." ಇಂಚಿನ ಸಾವಿರದ ಹನ್ನೊಂದು ಪಾಲು, ನಮ್ಮ ಲೆಕ್ಕದಲ್ಲಿ 0.28 ಮಿಲಿಮೀಟರ್. ಮತ್ತೆ ರಿಂಗನ್ನು ಮೇಲೆ, ಸವೆದ ಜಾಗಕ್ಕೆ ತಂದು ಅಳೆದರು. "ಇಪ್ಪತ್ತು."

ಇಪ್ಪತ್ತರಲ್ಲಿ ಹನ್ನೊಂದು ಕಳೆದರೆ ಒಂಬತ್ತು. ಮೇಸ್ತ್ರಿ ಒಂದು ಗಳಿಗೆ ಸುಮ್ಮನಿದ್ದು, "ಮೂರು ಥೌ ಸವೆದಿದೆ" ಅಂದರು.

ಒಂಬತ್ತು ಹೇಗೆ ಮೂರಾಯ್ತು? ಕೇಳಿದರೆ, "ಮೂರಕ್ಕೆ ಭಾಗಿಸೋದು. ನಮ್ಮ ಉಸ್ತಾದ್ ಹೇಳ್ಕೊಟ್ಟಿದ್ದು" ಅಂದರು. ಯಾಕೆ ಅಂತ ಅವರಿಗೂ ಯಾರೂ ಹೇಳಿರಲಿಲ್ಲ. ನನಗೆ ಅಲ್ಲೇ ಕೂತಲ್ಲೇ ಮೈ ಜುಮ್ ಅಂತು... ಅದು ಪೈ! ವ್ಯಾಸ ಇಷ್ಟು ಹೆಚ್ಚಿದರೆ ಪರಿಧಿ ಅದರ 3.14 ಪಟ್ಟು ಹೆಚ್ಚುತ್ತೆ, ಆ ಹೆಚ್ಚಿದ್ದೆಲ್ಲ ರಿಂಗಿನ ಬಾಯಲ್ಲಿ ಬಿರುಕಾಗಿ ಕಾಣುತ್ತೆ. ಕಣ್ಣಿಗೆ ಕಾಣದ 0.07 ಮಿಲಿಮೀಟರ್ ಸವೆತವನ್ನು ರಿಂಗು 0.22 ಮಾಡಿ ತೋರಿಸುತ್ತೆ. ರಿಂಗು ಬರೀ ಬಿಡಿಭಾಗ ಅಲ್ಲ, ಅದೇ ಅಳತೆಗೋಲು. ಏಳನೇ ಕ್ಲಾಸಿನಿಂದ ಪೈ ಬರೆದಿದ್ದೀನಿ, ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ ಮೊದಲು. ಬೀಡಾ ಪೊಟ್ಟಣದ ಹಿಂದೆ ಗೆರೆ ಎಳೆದು ಮೇಸ್ತ್ರಿಗೆ ತೋರಿಸಿದೆ. ಅವರು ನೋಡಿ, "ಹಂಗಾರೆ ಮೂರಕ್ಕಿಂತ ಚೂರು ಜಾಸ್ತಿಲಿ ಭಾಗಿಸ್ಬೇಕು ಅಂದಂಗಾಯ್ತು" ಅಂದರು. ಹೌದು, ಅಷ್ಟೇ.

ಹಳೇ ರಿಂಗನ್ನೂ ಅದೇ ಬೋರಿನ ಕೆಳಗಿಟ್ಟು ನೋಡಿದೆವು. ಬಾಯಿ ಐವತ್ತು ಥೌ ತೆರೆದಿತ್ತು, 1.27 ಮಿಲಿಮೀಟರ್. ರಿಂಗಿನ ಮೈ ಸವೆದಾಗ ವ್ಯಾಸ ಎರಡೂ ಕಡೆಯಿಂದ ಹೋಗೋದರಿಂದ ಇಲ್ಲಿ ಪೈಯ ಎರಡು ಪಟ್ಟಿನಿಂದ ಭಾಗಿಸಬೇಕು. ಲೆಕ್ಕ ಹಾಕಿದರೆ ಮೈ ಸುಮಾರು 0.16 ಮಿಲಿಮೀಟರ್ ಸವೆದಿತ್ತು. ಗೋಡೆಗಿಂತ ರಿಂಗೇ ಜಾಸ್ತಿ ತೇದಿತ್ತು. ನಮ್ಮ ಪಾಲಿಗೆ ಒಳ್ಳೇ ಸುದ್ದಿ.

ಹಾಗಾದರೆ ಹೊಸ ರಿಂಗಿಗೂ ಬಾಯಿ ಯಾಕೆ, ಪೂರ್ತಿ ಕೂಡಿಸಬಾರದಾ ಅನ್ನಿಸಬಹುದು. ಕಾದಾಗ ಹಿಗ್ಗುತ್ತಲ್ಲ, ಅದಕ್ಕೆ. ಈ ರಿಂಗಿನ ಸುತ್ತಳತೆ ಸುಮಾರು 216 ಮಿಲಿಮೀಟರ್. ಎರಕದ ಕಬ್ಬಿಣ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತೆ. ಗೋಡೆಗಿಂತ ರಿಂಗು 100 ಡಿಗ್ರಿ ಹೆಚ್ಚು ಬಿಸಿ ಆದರೆ 0.24 ಮಿಲಿಮೀಟರ್ ಜಾಗ ಬೇಕು. ಆ ಜಾಗ ಇಲ್ಲದಿದ್ದರೆ ತುದಿಗೆ ತುದಿ ಗುದ್ದಿ ಬೋರನ್ನು ಗೀರಿ ರಿಂಗು ಮುರಿಯುತ್ತೆ. ಹಾಗಾಗಿ ಬಾಯಿ ಸಾಕಷ್ಟಿದೆಯಾ ಅಂತ ನೋಡಬೇಕಾದ್ದು ಬೋರಿನ ಕೆಳಗೆ, ಇಕ್ಕಟ್ಟಾದ ಕಡೆ. ಮೂರನೇ ಸಿಲಿಂಡರಿನ ಒಂದು ರಿಂಗು ಅಲ್ಲಿ ಐದೇ ಥೌ ತೋರಿಸಿತು. ಮೇಸ್ತ್ರಿ ಸಣ್ಣ ಅರ ತಗೊಂಡು, ಒಂದೇ ದಿಕ್ಕಿಗೆ, ಹೊರಗಿಂದ ಒಳಕ್ಕೆ, ಅಕ್ಕಿ ಆರಿಸುವ ತಾಳ್ಮೆಯಲ್ಲಿ ಉಜ್ಜಿ ಹತ್ತಕ್ಕೆ ತಂದರು.

ಆದರೆ ರಿಂಗಿಗೆ ಒಂದು ಮಿತಿ ಇದೆ. ಅದು ಪರಿಧಿ ಅಳೆಯುತ್ತೆ, ಆಕಾರ ಅಳೆಯಲ್ಲ. ಬೋರು ಮೊಟ್ಟೆಯಾಕಾರ ಆಗಿದ್ದರೆ ರಿಂಗಿನ ಬಾಯಿ ಅದನ್ನು ಹೇಳಲ್ಲ. ಅದಕ್ಕೆ ಬ್ಲಾಕನ್ನು ಪಿಕಪ್ಪಿನಲ್ಲಿ ಹಾಕಿಕೊಂಡು, ಅಪ್ಪನೂ ನಾನೂ ಮೇಸ್ತ್ರಿಯೂ ಮಂಡಗದ್ದೆ ಮೇಲೆ ಶಿವಮೊಗ್ಗದ ಲೇತಿಗೆ ಹೋದೆವು. ಅಲ್ಲಿ ಡಯಲ್ ಬೋರ್ ಗೇಜ್ ಇತ್ತು. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಅಡ್ಡಕ್ಕೂ ಉದ್ದಕ್ಕೂ ಅಳೆದರು. ಎರಡನೇ ಬೋರು ಕೆಳಗೆ 68.77, ಮೇಲೆ 68.84. ವ್ಯತ್ಯಾಸ 0.07! ತಗಡಿನ ಎಲೆ ಹೇಳಿದ್ದೇ ಸರಿ. ಮೇಸ್ತ್ರಿ ಏನೂ ಹೇಳಲಿಲ್ಲ, ಮೀಸೆ ಮಾತ್ರ ಸ್ವಲ್ಪ ಅಲುಗಾಡಿತು. ಮೊಟ್ಟೆಯಾಕಾರ 0.03. ಉಳಿದೆರಡು ಬೋರು ಇದಕ್ಕಿಂತ ಚೆನ್ನಾಗಿದ್ದವು.

ಲೇತಿನವರು, "ಬೋರ್ ಹೊಡೆದುಬಿಡೋಣ, 0.50 ಪಿಸ್ಟನ್ ಹಾಕಿ, ಹೊಸ ಇಂಜಿನ್ ಆಗುತ್ತೆ" ಅಂದರು. ಅವರು ಸುಳ್ಳು ಹೇಳಲಿಲ್ಲ. ಬೋರ್ ಮಾಡಿದರೆ ಖಂಡಿತ ಇದಕ್ಕಿಂತ ಚೆನ್ನಾಗಿರುತ್ತೆ. ಮೇಸ್ತ್ರಿಯ ಗೆರೆ 0.10. ಅದು ದಾಟಿದರೆ ಬೋರ್, ಒಳಗಿದ್ದರೆ ಹೋನಿಂಗ್ ಮತ್ತು ರಿಂಗ್. "ತೆಗೆದ ಕಬ್ಬಿಣ ವಾಪಸ್ ಹಾಕೋಕೆ ಆಗಲ್ಲ ಮೇಷ್ಟ್ರೇ" ಅಂತ ಅಪ್ಪನ ಕಡೆ ನೋಡಿದರು.

ಅಪ್ಪನ ಹತ್ತಿರ ಒಂದು ನೋಟ್ ಪುಸ್ತಕ ಇದೆ. ಕಾರಿಗೆ ಹಾಕಿದ ಪೆಟ್ರೋಲ್, ಆಯಿಲ್, ಕಿಲೋಮೀಟರ್ ಎಲ್ಲ ದಿನಾಂಕ ಸಮೇತ, ಅದೇ ದುಂಡನೆ ಅಕ್ಷರದಲ್ಲಿ. ಅವತ್ತು ಅದು ಜೊತೆಗಿತ್ತು. ತೆಗೆದು ಲೆಕ್ಕ ಹಾಕಿದೆ. 2009ರ ಬೋರಿನಿಂದ ಈಚೆಗೆ ಸುಮಾರು 82,000 ಕಿಲೋಮೀಟರಿಗೆ 0.07 ಸವೆದಿದೆ. ಅದೇ ವೇಗ ಅಂದುಕೊಂಡರೆ 0.10 ಮುಟ್ಟೋಕೆ ಇನ್ನೂ 35,000 ಕಿಲೋಮೀಟರ್. ಅಪ್ಪ ಈಗ ಓಡಿಸೋದು ವರ್ಷಕ್ಕೆ ಮೂರು ಸಾವಿರ. "ಹನ್ನೊಂದು ವರ್ಷ ಬರುತ್ತಪ್ಪ" ಅಂದೆ.

ಅಪ್ಪ ಮನಸ್ಸಿನಲ್ಲೇ ಏನೋ ಕೂಡಿಸಿದರು. ಆಮೇಲೆ ಮೇಸ್ತ್ರಿ ಕಡೆ ತಿರುಗಿ, "ಇಂಜಿನ್ನಿಂದು ಆಯ್ತು, ನಂದೂ ಒಂದ್ಸಲ ರಿಂಗ್ ಹಾಕಿ ಅಳೆದು ಹೇಳಿ ಮಾರಾಯ್ರೆ" ಅಂದರು. ಮೇಸ್ತ್ರಿ ಜೋರಾಗಿ ನಕ್ಕರು, ಲೇತಿನವರೂ ನಕ್ಕರು. ನಾನು ಪುಸ್ತಕ ಮಡಚಿ ಬ್ಯಾಗಿಗೆ ಹಾಕೋ ನೆಪದಲ್ಲಿ ಆಚೆ ತಿರುಗಿದೆ.

ಬೋರ್ ಹೊಡೆಸಲಿಲ್ಲ. ಹೋನಿಂಗ್ ಮಾತ್ರ ಮಾಡಿಸಿದೆವು. ಕನ್ನಡಿಯಂತೆ ಹೊಳೆಯುತ್ತಿದ್ದ ಗೋಡೆ ಮೇಲೆ ಓರೆ ಗೆರೆಗಳು ಒಂದರ ಮೇಲೊಂದು ಹಾದು ಜಾಳಿಗೆಯ ಹಾಗೆ ಕಂಡವು. ಆ ಗೆರೆಗಳಲ್ಲಿ ಆಯಿಲ್ ನಿಲ್ಲಬೇಕು, ಹೊಸ ರಿಂಗು ಆ ಒರಟಿಗೆ ತೇದುಕೊಂಡು ಗೋಡೆಗೆ ಹೊಂದಬೇಕು. ಬೋರಿನ ಮೇಲ್ತುದಿಯಲ್ಲಿ ಉಗುರಿಗೆ ತಾಗುವಷ್ಟು ಅಂಚು ನಿಂತಿತ್ತು, ಅದನ್ನೂ ಹೊಡೆಸಿದೆವು. ಬಿಟ್ಟರೆ ಹೊಸ ರಿಂಗು ಅದಕ್ಕೆ ಬಡಿದು ಮುರಿಯುತ್ತಂತೆ.

ತೊಳೆಯೋ ಕೆಲಸ ನನ್ನದು. ಪೆಟ್ರೋಲಿನಲ್ಲಿ ತೊಳೆದರೆ ಹೋನಿಂಗ್ ಪುಡಿ ಗೆರೆಯೊಳಗೇ ಉಳಿಯುತ್ತೆ. ಬಿಸಿನೀರು, ಸೋಪಿನ ಪುಡಿ, ಬ್ರಷ್ ಬೇಕು. ಅಪ್ಪನ ಹಳೇ ಬಿಳಿ ಪಂಚೆ ಹರಿದು ಒರೆಸಬೇಕು, ಬಟ್ಟೆಗೆ ಬೂದು ಬಣ್ಣ ಹತ್ತೋದು ನಿಲ್ಲೋ ತನಕ. ಏಳು ಸಲ ತೊಳೆದೆ. ಅತ್ತ ಮೇಸ್ತ್ರಿ ಹಳೇ ರಿಂಗೊಂದನ್ನು ಮುರಿದು ಅದರ ಚೂಪು ತುದಿಯಿಂದಲೇ ಪಿಸ್ಟನ್ ಗಾಡಿಯ ಕರಿ ಕೆರೆದರು. ಅದೇ ಅಗಲದ ಆಯುಧ ಬೇರೆಲ್ಲಿ ಸಿಗಬೇಕು! ಆಮೇಲೆ ಗಾಡಿಯಲ್ಲಿ ಹೊಸ ರಿಂಗಿಟ್ಟು ಮೇಲೆ ಕೆಳಗೆ ಎಷ್ಟು ಸಡಿಲ ಇದೆ ಅಂತ ಎಲೆ ಹಾಕಿ ನೋಡಿದರು. ಎರಡನೇ ಪಿಸ್ಟನ್ನಿನ ಮೇಲಿನ ಗಾಡಿ ನಾಲ್ಕು ಥೌ, ಬಾಕಿಯವು ಎರಡೂವರೆ. ನಾಲ್ಕು ಅಂದಾಗ ಸ್ವಲ್ಪ ಯೋಚಿಸಿ, "ನಡೀತದೆ" ಅಂದರು.

ರಿಂಗುಗಳ ಬಾಯಿ ಒಂದರ ಕೆಳಗೊಂದು ಬರದಂತೆ ಸುತ್ತ ಹಂಚಿ, ಗುರುತಿನ ಮುಖ ಮೇಲೆ ಮಾಡಿ, ತಗಡಿನ ಪಟ್ಟಿಯಿಂದ ಅಮುಕಿ, ಸುತ್ತಿಗೆ ಹಿಡಿಯ ಮರದಿಂದ ತಟ್ಟಿ ಮೂರೂ ಪಿಸ್ಟನ್ ಇಳಿಸಿದರು. ರಿಂಗ್, ಗ್ಯಾಸ್ಕೆಟ್ ಕಿಟ್, ಬೇರಿಂಗ್, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್, ಲೇತು, ಕೂಲಿ ಎಲ್ಲ ಸೇರಿ ಹದಿನಾಲ್ಕು ಸಾವಿರದ ಮುನ್ನೂರು.

ಸ್ಟಾರ್ಟ್ ಆದ ಮೊದಲ ಐದು ನಿಮಿಷ ಮೊದಲಿಗಿಂತ ಜಾಸ್ತಿ ಹೊಗೆ! ಅಪ್ಪನ ಮುಖ ಸಣ್ಣದಾಯಿತು. ಜೋಡಿಸುವಾಗ ಹಚ್ಚಿದ ಆಯಿಲ್ ಸುಡೋದು ಅಷ್ಟೇ, ಆಮೇಲೆ ನಿಂತಿತು. ಸುಮ್ಮನೆ ಐಡಲಿಂಗ್ ಬಿಡಬೇಡಿ, ಏರಿನ ರಸ್ತೆಯಲ್ಲಿ ಹಿತವಾಗಿ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಸಾವಿರ ಕಿಲೋಮೀಟರ್ ಹಾಗೇ ಓಡಿಸಿ ಅಂದರು ಮೇಸ್ತ್ರಿ. ಒತ್ತಡ ಬಿದ್ದರೇನೇ ರಿಂಗು ಗೋಡೆಗೆ ಕೂರೋದು.

ಹೊಗೆ ತಪಾಸಣೆಯ ಚೀಟಿ ಸಿಕ್ಕಿದೆ, ನವೀಕರಣಕ್ಕೆ ಅರ್ಜಿ ಹಾಕಿದ್ದಾಯ್ತು. ಕಳೆದ ಭಾನುವಾರ ಅಪ್ಪ ವಾಟ್ಸಾಪಿನಲ್ಲಿ ನೋಟ್ ಪುಸ್ತಕದ ಫೋಟೋ ಕಳಿಸಿದ್ದರು. ಹಿಂದಿನ ಪುಟದಲ್ಲಿ 350 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಅಂತ ಕೆಂಪು ಇಂಕಿನಲ್ಲಿ ಬರೆದ ಸಾಲು. ಅದರ ಎದುರು ಹೊಸ ಪುಟ. 1,040 ಕಿಲೋಮೀಟರ್, ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಅರ್ಧ ಬೆರಳು ಕಮ್ಮಿ, ಹಾಕಿಲ್ಲ. ಕೆಳಗೆ ಇನ್ನೊಂದು ಸಾಲು: "ಆಗುಂಬೆ ಘಾಟಿ ಹತ್ತಿದೆವು. ಹಿಂದಿನವರು ಯಾರೂ ಕೈ ಮುಗಿಯಲಿಲ್ಲ."